ಅಮ್ಮನನ್ನು ನುಂಗಿದ ಬ್ಯಾಕ್‌ಸ್ಪೇಸ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಂಪ್ಯೂಟರಿನಲ್ಲಿ ಕನ್ನಡ ಕೆಟ್ಟಾಗಲೆಲ್ಲ ನಾವೂ ಹಾಗೇ, "ಫಾಂಟ್ ಸರಿಯಿಲ್ಲ" ಅಂದು ಕೈ ತೊಳೆದುಕೊಳ್ಳುತ್ತೇವೆ. ಮೊನ್ನೆ ಭಾನುವಾರ ನಾನೂ ಅದನ್ನೇ ಮಾಡಲಿದ್ದೆ ಸ್ನೇಹಿತರೇ :-)

ಅಜ್ಜಿ ಹೇಳುತ್ತಿದ್ದ ಕತೆಗಳನ್ನು ಅಮ್ಮ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಟೈಪ್ ಮಾಡೋಣವೆಂದು ಕೂತೆ. ಟೈಪಿಂಗಿಗೆ ನಾನೇ ಬರೆದ ಆಟೋಹಾಟ್‌ಕೀ ಸ್ಕ್ರಿಪ್ಟ್ ಇದೆ. ಎಮ್ ಒತ್ತಿದರೆ 'ಮ್', ಆಮೇಲೆ ಎ ಒತ್ತಿದರೆ ಸ್ಕ್ರಿಪ್ಟೇ ಒಂದು ಬ್ಯಾಕ್‌ಸ್ಪೇಸ್ ಕಳಿಸಿ 'ಮ' ಮಾಡುತ್ತದೆ. ನೋಟ್‌ಪ್ಯಾಡಿನಲ್ಲಿ ಚೆನ್ನಾಗಿಯೇ ಇತ್ತು. ಅವತ್ತು ಬೇರೊಂದು ಎಡಿಟರ್ ತೆರೆದಿದ್ದೆ. ಕಣ್ಣೆಲ್ಲ ನೋಟ್‌ಬುಕ್ಕಿನ ಮೇಲೆ. ಒಂದು ಪುಟ ಮುಗಿಸಿ ತಲೆಯೆತ್ತಿದರೆ... 'ಅಮ್ಮ' ಇದ್ದಲ್ಲೆಲ್ಲ 'ಅಮ್'! ಉಳಿದದ್ದೂ ಹಾಗೇ ಚಿಂದಿ.

ನೋಡಿದ ಅಮ್ಮ, "ಬಿಡೋ, ಇಂಗ್ಲಿಷ್ ಅಕ್ಷರದಲ್ಲೇ ಬರಿ" ಅಂದರು. ಅದು ಚುಚ್ಚಿತು.

ಮೊದಲು ವೇಗದ ಮೇಲೆ ಅನುಮಾನ. ಸೆಟ್‌ಕೀಡಿಲೇ ಹಾಕಿದೆ, ಪ್ರಯೋಜನವಿಲ್ಲ. ಆಟೋಹಾಟ್‌ಕೀ 2ರಲ್ಲಿ ಸೆಂಡ್ ಅಂದರೆ ಸೆಂಡ್‌ಇನ್‌ಪುಟ್, ಅಲ್ಲಿ ಆ ಡಿಲೇಗೆ ಬೆಲೆಯೇ ಇಲ್ಲ. ಸೆಂಡ್‌ಇವೆಂಟ್‌ಗೆ ಬದಲಿಸಿ ಆಮೆಯಂತೆ ಓಡಿಸಿದೆ. ಆಗಲೂ 'ಅಮ್'. ಅಂದರೆ ತಪ್ಪು ವೇಗದಲ್ಲಿಲ್ಲ, ಲೆಕ್ಕದಲ್ಲಿದೆ.

ಫಾಂಟಿನ ಸಂಶಯ ತೀರಿಸಲು ಅಕ್ಷರಗಳ ಯುನಿಕೋಡ್ ಸಂಖ್ಯೆಗಳನ್ನು ಪ್ರಿಂಟ್ ಮಾಡಿದೆ. ಬರಬೇಕಾದ್ದು 3205, 3246, 3277, 3246. ಬಂದದ್ದು ಮೊದಲ ಮೂರೇ. ಫಾಂಟ್ ಪಾಪ, ಕೊಟ್ಟದ್ದನ್ನು ತೋರಿಸಿದೆ! ನೋಟ್‌ಪ್ಯಾಡಿನಲ್ಲಿ ಬ್ಯಾಕ್‌ಸ್ಪೇಸ್ ಒಂದೇ ಸಂಖ್ಯೆಯನ್ನು, ಅಂದರೆ ಹಲಂತವನ್ನು ಮಾತ್ರ ಅಳಿಸುತ್ತಿತ್ತು. ಈ ಎಡಿಟರ್ 'ಮ್' ಅನ್ನು ಒಂದೇ ಅಕ್ಷರವೆಂದು ನೋಡಿ ಪೂರ್ತಿ ಅಳಿಸಿತು. ಅದರದ್ದೂ ತಪ್ಪೆನ್ನಲಾರೆ. ನಮ್ಮ ಕಣ್ಣಿಗೆ 'ಸ್ತ್ರೀ' ಒಂದು ಅಕ್ಷರ, ಯುನಿಕೋಡಿನಲ್ಲಿ ಆರು ಸಂಖ್ಯೆ.

ನನ್ನ ಅಭಿಪ್ರಾಯ ಇಷ್ಟೇ: ಕನ್ನಡ ಟೈಪಿಂಗ್ ಸ್ಕ್ರಿಪ್ಟ್ ಬ್ಯಾಕ್‌ಸ್ಪೇಸನ್ನು ನಂಬಬಾರದು. ಕೆ. ಪಿ. ರಾವ್ ಅವರ ವಿನ್ಯಾಸ ನೋಡಿ. ನುಡಿಯಲ್ಲಿ ಎಮ್ ಅಂದರೆ 'ಮ', ಒತ್ತು ಬೇಕಾದಾಗ ಮಾತ್ರ ಎಫ್. 'ಅಮ್ಮ' ಬರೆಯುವಾಗ ಏನನ್ನೂ ಅಳಿಸುವ ಪ್ರಮೇಯವೇ ಇಲ್ಲ. ನಾನೂ ಸ್ಕ್ರಿಪ್ಟ್ ತಿದ್ದಿದೆ. ಈಗ ಎಮ್ ಒತ್ತಿದರೆ 'ಮ' ಮಾತ್ರ. ಮುಂದಿನದು ವ್ಯಂಜನವೋ ಖಾಲಿ ಜಾಗವೋ ಆದರೆ ಅದಕ್ಕೂ ಮೊದಲು ಹಲಂತ, ಎ ಆದರೆ ಏನೂ ಇಲ್ಲ. 'ಖ' ಬೇಕಿದ್ದರೆ ದೊಡ್ಡ ಕೆ ಒತ್ತಬೇಕು, ಅದೊಂದು ಹೊಸ ಅಭ್ಯಾಸ. ಆಗಲಿ.

ಮುಂದಿನ ಸಲ ಯಾರಾದರೂ "ಕನ್ನಡ ಬರ್ತಿಲ್ಲ" ಅಂದರೆ ಫಾಂಟ್ ಬದಲಿಸಲು ಹೇಳುವ ಮೊದಲು ಸಂಖ್ಯೆ ಎಣಿಸಿ. ಇಲ್ಲದಿದ್ದರೆ ಅವರು ಇಂಗ್ಲಿಷ್ ಅಕ್ಷರಕ್ಕೇ ಹೋಗಿಬಿಡುತ್ತಾರೆ.

ಅಜ್ಜಿಯ ಕತೆ ಈಗ ಮೂರನೇ ಪುಟದಲ್ಲಿದೆ. ಅಮ್ಮ ಪೂರ್ತಿಯಾಗಿದ್ದಾರೆ :-) ನೀವೇನಂತೀರಿ?