ರಾಜಾವರ್ತವೂ ಮನೆಯ ನೀಲಿಯೂ

ಹುಮನಾಬಾದಿನ ಆಪ್ತರೊಬ್ಬರ ಮನೆಯಲ್ಲಿ ನಾವು ತಂಗಿದ್ದಾಗ, ವೀರಭದ್ರೇಶ್ವರನ ಜಾತ್ರೆಗೆಂದು ಗೋಡೆಗಳಿಗೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಮನೆಯೊಡತಿಯವರು ಸುಣ್ಣದ ತಿಳಿಗೆ ಒಂದು ಚಿಟಿಕೆ ನೀಲಿಯ ಪುಡಿಯನ್ನು ಹಾಕಿ ಕಲಕಿಸಿದರು. ಹಳದಿಯ ಛಾಯೆ ಅಡಗಿ ಗೋಡೆ ಹಾಲಿನಂತೆ ಬೆಳಗಿತು. ಈ ನೀಲಿ ಎಲ್ಲಿಯದೆಂದು ನಾವು ಕೇಳಲು, “ಅಂಗಡಿಯದು” ಎಂದು ನಕ್ಕರು. ಮಾತು ನಿಜವೇ. ಆದರೆ ಈ ಪುಡಿಯು ಯಾವ ಬಣ್ಣದ ಅನುಕರಣವಾಗಿ ಹುಟ್ಟಿತೋ ಆ ಬಣ್ಣದ ಹೆಸರು ಪಕ್ಕದ ಬಸವಕಲ್ಯಾಣದ ರಾಜನೊಬ್ಬನ ಗ್ರಂಥದಲ್ಲಿಯೇ ಇರುವುದು.

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ ಇಂದಿನ ಬಸವಕಲ್ಯಾಣವೆಂಬುದನ್ನು ವಾಚಕರು ಬಲ್ಲರಷ್ಟೆ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೂ ಎಡೆಯುಂಟು. ಗೋಡೆಯನ್ನು ನಯಗೊಳಿಸುವ ಬಗೆ, ಬಣ್ಣಗಳ ಬೆರಕೆ ಎಲ್ಲವನ್ನೂ ಅರಸನು ವಿವರಿಸಿರುವನು. ಶಂಖದ ಬಿಳುಪು, ಕಾವಿ, ಹರಿತಾಳ, ಕಾಡಿಗೆಗಳ ಸಾಲಿನಲ್ಲಿ ರಾಜಾವರ್ತವೂ ಇದೆ. ಅದರ ವರ್ಣವನ್ನು ಅಗಸೆಯ ಹೂವಿಗೆ ಹೋಲಿಸಿದೆ. ಇದು ಗಿಡದಿಂದ ತೆಗೆಯುವ ನೀಲಿಯಲ್ಲ, ಕಲ್ಲು; ಫಾರಸಿಯವರು ಲಾಜವರ್ದ ಎನ್ನುವುದು ಇದನ್ನೇ. ಆ ಕಾಲಕ್ಕೆ ಹೆಸರಾದ ಗಣಿಗಳು ದೂರದ ಬದಖ್ಷಾನದಲ್ಲಿದ್ದವು. ಕಲ್ಲನ್ನು ಅರೆದು, ಪದೇಪದೇ ತೊಳೆದು, ನೀಲವನ್ನು ಬೇರ್ಪಡಿಸಿದರೆ ಕೊನೆಗೆ ಕೈಗೆ ಬರುವುದು ಅತ್ಯಲ್ಪ. ಬಡವನ ಗೋಡೆಗೆ ಅದೆಲ್ಲಿಂದ ಬಂದೀತು!

ಇದನ್ನು ಕೃತಕವಾಗಿ ಮಾಡುವ ಆಸೆ ಹೊಸದಲ್ಲ. ಈಜಿಪ್ತಿನವರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಮರಳು, ಸುಣ್ಣ, ತಾಮ್ರಗಳನ್ನು ಬೇಯಿಸಿ ಒಂದು ನೀಲವನ್ನು ಪಡೆದಿದ್ದರು. ಆದರೆ ಅದು ಬೇರೆಯೇ ವಸ್ತು. ರಾಜಾವರ್ತದ ನೀಲವನ್ನೇ ತಯಾರಿಸುವವರಿಗೆ ಫ್ರಾನ್ಸಿನ ಸಂಘವೊಂದು 1824ರಲ್ಲಿ 6000 ಫ್ರಾಂಕುಗಳ ಬಹುಮಾನವನ್ನು ಸಾರಿತು; 1828ರಲ್ಲಿ ಗಿಮೆ ಎಂಬಾತನು ಅದನ್ನು ಗೆದ್ದನು. ಬಿಳಿಯ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು: ಬೇಕಾದುದು ಇಷ್ಟೇ. ಇವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಮೊದಲು ಹಸುರು ಮುದ್ದೆಯಾಗುವುದು. ಬಳಿಕ ಗಾಳಿ ಸೋಕಿಸಿ ಕಾಯಿಸಿದರೆ ನೀಲವಾಗುವುದು. ಬಣ್ಣಕ್ಕೆ ಕಾರಣ ಗಂಧಕ! ಹಳದಿಯ ಗಂಧಕವು ಮಣ್ಣಿನ ಅಣುಗಳ ಪಂಜರದೊಳಗೆ ಸಿಕ್ಕಿ ನೀಲವಾಗುವ ಈ ವಿಚಿತ್ರವು ಕಲ್ಲಿನಲ್ಲಿಯೂ ಪುಡಿಯಲ್ಲಿಯೂ ಒಂದೇ. ಬಟ್ಟೆಗೂ ಸುಣ್ಣಕ್ಕೂ ಮನೆಮನೆಯಲ್ಲಿ ಬಳಕೆಯಾದ ನೀಲಿಯ ಪುಡಿ ಇದೇ.

ನೀಲವೆಲ್ಲ ಒಂದೇ ಎಂದು ಬಗೆದು ನಾವೇ ಒಮ್ಮೆ ಕೆಟ್ಟೆವು. ಚಿತ್ರಗಾರರು ಬಳಸುವ ಪ್ರಷ್ಯನ್ ನೀಲವನ್ನು ಪಡಸಾಲೆಯ ಸುಣ್ಣಕ್ಕೆ ಬೆರಸಿದೆವು; ಗೋಡೆಯು ತುಕ್ಕು ಹಿಡಿದ ತಗಡಿನ ಬಣ್ಣಕ್ಕೆ ತಿರುಗಿ, ಮನೆಯವರ ಮಾತು ಕೇಳಬೇಕಾಯಿತು. ಆ ನೀಲವು ಕಬ್ಬಿಣದಿಂದಾದುದು. ಸುಣ್ಣದ ಕ್ಷಾರವನ್ನು ತಡೆಯದು. ನಮ್ಮ ನೀಲಿಯ ಪುಡಿಗೆ ಸುಣ್ಣದ ಭಯವಿಲ್ಲ, ಹುಳಿಯ ಭಯವುಂಟು. ಚಿಟಿಕೆಯಷ್ಟನ್ನು ನಿಂಬೆಯ ರಸದಲ್ಲಿ ನೆನೆಯಿಟ್ಟು ನೋಡಿ: ಬಣ್ಣ ಮೆಲ್ಲನೆ ಬಿಳುಚುವುದು, ಕೊಳೆತ ಮೊಟ್ಟೆಯ ನಾತ ಹೊರಡುವುದು. ಅಂಗಡಿಯ ಪುಡಿಯನ್ನು ಪರೀಕ್ಷಿಸಲು ಇದು ಸುಲಭವಾದ ಉಪಾಯ.

ಈಗ ಶೀಸೆಗಳಲ್ಲಿ ಬರುವ ದ್ರವನೀಲಿಯು ಇದಲ್ಲ. ಅದು ನೀರಿನಲ್ಲಿ ಕರಗುವ ಬೇರೊಂದು ಬಣ್ಣ. ಅದನ್ನು ಬಟ್ಟೆಗೇ ಇಟ್ಟುಕೊಂಡು, ಸುಣ್ಣಕ್ಕೆ ಪುಡಿಯನ್ನೇ ತರಿಸುವುದು ಲೇಸು.