ಜತ್ತದ ಕೂಗನ್ನು ಅಲ್ಲಗಳೆಯಬೇಡಿ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಗಡಿಗ್ರಾಮಗಳು ಕರ್ನಾಟಕಕ್ಕೆ ಸೇರುವೆವೆಂದು ಎತ್ತುವ ಕೂಗು ಬರಿಯ ಬೆದರಿಕೆಯೆಂದೂ, ಅದಕ್ಕೆ ಕಿವಿಗೊಡುವುದೇ ರಾಷ್ಟ್ರೈಕ್ಯಕ್ಕೆ ಅಪಚಾರವೆಂದೂ ಇಲ್ಲಿಯ ಪತ್ರಿಕೆಯೊಂದರಲ್ಲಿ ಲೇಖಕರೊಬ್ಬರು ಪ್ರತಿಪಾದಿಸಿರುವುದನ್ನು, ಪುಣೆಯಲ್ಲಿ ನೆಲೆಸಿದ ಕನ್ನಡಿಗನಾದ ನಾನು ಒಪ್ಪಲಾರೆ. ರಾಷ್ಟ್ರವನ್ನು ತ್ಯಜಿಸುವುದು ಬೇರೆ, ರಾಜ್ಯದ ಎಲ್ಲೆಯನ್ನು ಬದಲಿಸಿರೆಂದು ಬೇಡುವುದು ಬೇರೆ. ಎರಡನೆಯದಕ್ಕೆ ಸಂವಿಧಾನದ 3ನೆಯ ಅನುಚ್ಛೇದವೇ ಮಾರ್ಗವನ್ನಿತ್ತಿದೆ. ಮರಾಠಿಯನ್ನೇ ಆಡುವ ವಿದರ್ಭವೂ, ಮಹಾರಾಷ್ಟ್ರಕ್ಕೆ ಸೇರಲು ತನಗಿತ್ತ 1953ರ ನಾಗಪುರ ಒಪ್ಪಂದದ ಭರವಸೆಗಳು ಈಡೇರಲಿಲ್ಲವೆಂದು ಪ್ರತ್ಯೇಕ ರಾಜ್ಯವನ್ನು ಕೇಳುತ್ತ ಬಂದಿದೆ, ಅದನ್ನು ರಾಷ್ಟ್ರದ್ರೋಹವೆನ್ನಲಾಗದು.

ಜತ್ತದ ಹಲವು ಗ್ರಾಮಗಳನ್ನೂ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿಯೇ, ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು ಶಿಫಾರಸು ಮಾಡಿದ್ದುದು ನಿಜ. ಆದರೆ ಕರ್ನಾಟಕಕ್ಕೆ ಸೇರುವೆವೆಂದು ಆ ಹಳ್ಳಿಗರು ಕೈಗೊಂಡ ಠರಾವುಗಳ ಮೂಲದಲ್ಲಿರುವುದು ಮುಖ್ಯವಾಗಿ ನೀರು. ಕೃಷ್ಣೆಯ ಜಲವನ್ನೆತ್ತುವ ಮ್ಹೈಸಾಳ ಯೋಜನೆಯು ಸಾಂಗ್ಲಿ ಜಿಲ್ಲೆಯ ಅನ್ಯಭಾಗಗಳನ್ನು ತಣಿಸುತ್ತಿರಲು, ತಾವು ಮಾತ್ರ ಪ್ರತಿ ಬರಗಾಲದಲ್ಲಿಯೂ ಟ್ಯಾಂಕರಿನ ಹಾದಿ ಕಾಯಬೇಕಾದ ಜನರು, ಎಲ್ಲೆಯಾಚೆಯ ವಿಜಯಪುರದ ಕಾಲುವೆಗಳತ್ತ ನೋಡಿದ್ದು ಅಪರಾಧವೇ? 2022ರ ಕೊನೆಯಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವುಗಳನ್ನು ಪ್ರಸ್ತಾಪಿಸಿದ ಬಳಿಕವಷ್ಟೇ ಮುಂಬಯಿಯ ಸರ್ಕಾರವು ಯೋಜನೆಯ ವಿಸ್ತರಣೆಯನ್ನು ತ್ವರೆಗೊಳಿಸಿತು. ಕೂಗನ್ನು ಗಂಭೀರವಾಗಿ ಪರಿಗಣಿಸಿದ್ದರ ಫಲವಿದು.

ಜನರನ್ನು ನಿಂದಿಸುವ ಲೇಖನಿಯಿಂದಲೇ, ಆ ಕಾಮಗಾರಿಯನ್ನು ಬೇಗ ಮುಗಿಸಿರೆಂದು ಸರ್ಕಾರವನ್ನು ಲೇಖಕರು ಒತ್ತಾಯಿಸಲಿ.