ಆಣೆ ಎಷ್ಟನೆಯ ದಿನ ಮುರಿಯಿತು?

ಕುಡಚಿ, ರಾಯಬಾಗ, ಅಥಣಿ ಕಡೆ ಕುಡಿತ ಬಿಟ್ಟವನನ್ನು ಅವನ ಕೊರಳು ನೋಡಿ ಗುರುತಿಸುವ ರೂಢಿಯಿದೆ. ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಧರಿಸಿ ಬಂದವನು ಮಾಳಕರಿ. 'ಅಂವ ಮಾಳ ಹಾಕ್ಯಾನ' ಅಂದರೆ ಮುಗಿಯಿತು, ಆಮೇಲೆ ಯಾರೂ ಅವನ ಮುಂದೆ ಗ್ಲಾಸು ಇಡುವುದಿಲ್ಲ. ಇನ್ನೊಬ್ಬ ಚಿಂಚಲಿ ಮಾಯಕ್ಕನ ಭಂಡಾರ ಮುಟ್ಟಿ ಆಣೆ ಮಾಡುತ್ತಾನೆ, ಮತ್ತೊಬ್ಬ ದರ್ಗಾದ ಹೊಸ್ತಿಲಲ್ಲಿ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳಂತೂ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ಒಬ್ಬನ ನಿರ್ಧಾರಕ್ಕೆ ಇಡೀ ಊರನ್ನು ಸಾಕ್ಷಿಯಾಗಿ ನಿಲ್ಲಿಸುವ ದೊಡ್ಡ ತಿಳಿವಳಿಕೆ ಇದರಲ್ಲಿದೆ. ನನ್ನ ತಕರಾರು ಆಣೆ ಮುರಿದ ಮೇಲೆ ನಾವು ಆಡುವ ಮಾತಿನ ಬಗ್ಗೆ. 'ಮನಸ್ಸು ಗಟ್ಟಿ ಇಲ್ಲ ಬಿಡ್ರಿ' ಎಂದು ಕೈ ತೊಳೆದುಕೊಳ್ಳುತ್ತೇವೆ. ಎಷ್ಟನೆಯ ದಿನ ಮುರಿಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಎರಡನೆಯ ಅಥವಾ ಮೂರನೆಯ ದಿನವೇ ಮುರಿದಿದ್ದರೆ ಅಲ್ಲಿ ಸೋತದ್ದು ಮನಸ್ಸೆಂದು ಹೇಳಲಾಗದು. ವರ್ಷಗಟ್ಟಲೆ ದಿನವೂ ಕುಡಿದ ದೇಹ ಸೆರೆಗೆ ಹೊಂದಿಕೊಂಡುಬಿಟ್ಟಿರುತ್ತದೆ. ಕೊನೆಯ ಗುಟುಕು ಇಳಿದು ಆರೆಂಟು ತಾಸಿಗೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು-ಮೂರನೆಯ ದಿನ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಅಲ್ಲಿಲ್ಲದವರು ಕರೆದಂತೆ ಕೇಳುತ್ತದೆ. ಆಗ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು. ಮನೆಯವರು ಗಾಳಿ ಸೋಕಿತೆಂದು ಎಲ್ಲೆಲ್ಲಿಗೋ ಕರೆದೊಯ್ಯುತ್ತಾರೆ. ಇಲ್ಲವೇ ನೋಡಲಾರದೆ ತಾವೇ ಒಂದು ಕ್ವಾರ್ಟರ್ ತಂದುಕೊಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಒಮ್ಮೆಲೇ ಮುಚ್ಚಿದಾಗ ರಾಜ್ಯದ ಎಷ್ಟೋ ಮನೆಗಳು ಈ ನಡುಕವನ್ನು ಕಣ್ಣಾರೆ ಕಂಡವು. ಡಾಕ್ಟರ ನಿಗಾದಲ್ಲಿ ಕೆಲವು ದಿನ ಮಾತ್ರೆ ಕೊಟ್ಟು, ದಿನದಿನಕ್ಕೂ ಅದನ್ನು ಇಳಿಸುತ್ತ, ಜೊತೆಗೆ ಥಯಮಿನ್ ಅಂದರೆ ಬಿ1 ಜೀವಸತ್ವ ಕೊಟ್ಟರೆ ಹೆಚ್ಚಿನವರು ಈ ಹೊಳೆ ದಾಟುತ್ತಾರೆ.

'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ' ಎಂಬ ಜಾಹೀರಾತುಗಳನ್ನು ನೋಡಿದಾಗ ನನಗೆ ಭಯವಾಗುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ರೋಗಿ ತಿಳಿದು, ಒಪ್ಪಿ ನುಂಗಬೇಕು. ಪಲ್ಯದಲ್ಲಿ ಕಲಸಿ ಕೊಟ್ಟರೆ, ಅದರ ಮೇಲೆ ಅವನು ಕುಡಿದರೆ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾಯಲೂಬಹುದು. ಕೊಡುವವಳು ಹೆಂಡತಿ ಅಥವಾ ತಾಯಿ, ಪ್ರೀತಿಯಿಂದಲೇ ಕೊಡುತ್ತಾಳೆ. ಅವಳಿಗೆ ಸರಿಯಾದ ದಾರಿ ತೋರಿಸದೆ ಹೋದವರು ನಾವು.

ದಾರಿ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದೆ. ಚಿಕಿತ್ಸೆ ಕೇಳುವುದು ಹಕ್ಕು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಲೆಂದೇ ಮನೋಚೈತನ್ಯ ಕಾರ್ಯಕ್ರಮ ಇದೆ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ, ಬಿಟ್ಟಿಯಾಗಿ ಮಾತಾಡುತ್ತಾರೆ. ವ್ಯಸನಕ್ಕೆಂದೇ 14446 ಇದೆ. ಕಷ್ಟದ ಕೇಸಿಗೆ ಬೆಳಗಾವಿಯ ಬಿಮ್ಸ್, ಧಾರವಾಡದ ಡಿಮ್ಹಾನ್ಸ್. ಆದರೂ ನಮ್ಮವರು ರೈಲು ಹತ್ತಿ ಮಿರಜಿಗೇ ಹೋಗುತ್ತಾರೆ. ಹತ್ತಿರವೆಂಬುದು ಒಂದು ಕಾರಣ, ಅಲ್ಲಿ ಗುರುತಿನವರು ಸಿಗುವುದಿಲ್ಲ ಎಂಬುದು ಇನ್ನೊಂದು. ಕಟ್ಟೆಯ ಮೇಲೆ ಹತ್ತು ಜನರೆದುರು ಕುಡಿದವನು ಚಿಕಿತ್ಸೆಗೆ ಮಾತ್ರ ಮುಖ ಮುಚ್ಚಿಕೊಂಡು ಹೋಗಬೇಕಾಗಿದೆ.

ಇನ್ನು ಆಣೆ ಮೂರನೆಯ ತಿಂಗಳು ಮುರಿದಿದ್ದರೆ ಕಥೆಯೇ ಬೇರೆ. ಕಬ್ಬಿನ ಬಿಲ್ಲು ಬಂದಿರುತ್ತದೆ, ಜಾತ್ರೆ ಬಂದಿರುತ್ತದೆ, ಹಳೆಯ ಗೆಳೆಯ 'ಒಂದ ನೈಂಟಿ, ಏನೂ ಆಗಂಗಿಲ್ಲ' ಎಂದಿರುತ್ತಾನೆ. ಇಲ್ಲಿ ಮಾತ್ರೆಯೊಂದೇ ಸಾಲದು, ಜನ ಬೇಕು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರಲ್ಲೇ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರದ ನಿಜವಾದ ಬಲವನ್ನು ನಾನು ಆ ಎಂಟು ದಿನಗಳಾಚೆ ಕಾಣುತ್ತೇನೆ: ಬಿಟ್ಟವರನ್ನೆಲ್ಲ ಒಟ್ಟಿಗೆ ಹಿಡಿದಿಡುವ ನವಜೀವನ ಸಮಿತಿಯಲ್ಲಿ. 1935ರಲ್ಲಿ ಅಮೆರಿಕದ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದ್ದೂ ಈ ನಂಬಿಕೆಯಿಂದಲೇ. ಸಂಜೆ ಆರು ಗಂಟೆಗೆ ನಾಲಿಗೆ ಎಳೆಯುವಾಗ ಅದೇ ಎಳೆತ ಉಂಡವನ ಮಾತು ನಾಟುವಷ್ಟು ಉಪದೇಶ ನಾಟುವುದಿಲ್ಲ. ನಮ್ಮ ಭಜನಾ ಮಂಡಳಿಗಳು, ಮಾಳಕರಿಗಳ ದಿಂಡಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಕರ್ನಾಟಕ ಸರ್ಕಾರ 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿತು. ಆದರೆ ಇಂದು ಅಬಕಾರಿಯಿಂದ ಬೊಕ್ಕಸಕ್ಕೆ ಬರುವುದು ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಹೆಣ್ಣುಮಕ್ಕಳ ಕಾಲಿನ ಬೊಬ್ಬೆಗಳಿಗೆ ಉತ್ತರ ಇನ್ನೂ ಸಿಕ್ಕಿಲ್ಲ. ನಿಷೇಧದ ವಾದ ಏನೇ ಇರಲಿ, ಆ ದುಡ್ಡಿನಲ್ಲಿ ಕುಡಚಿಯಂಥ ಊರಿನ ಸರ್ಕಾರಿ ದವಾಖಾನೆಯಲ್ಲಿ ಎರಡು ಹಾಸಿಗೆ, ಬಿ1 ಚುಚ್ಚುಮದ್ದು, ಸನ್ನಿಯ ಗುರುತು ಬಲ್ಲ ಒಬ್ಬ ನರ್ಸು ಇರಬೇಕೆಂದು ಕೇಳುವುದು ದುಬಾರಿ ಬೇಡಿಕೆಯಲ್ಲ. ಕಬ್ಬು ಕಡಿಯುವವನ ಹೆಂಡತಿ ಧಾರವಾಡಕ್ಕೆ ಹೋಗಿ ಬರಬೇಕೆಂದರೆ ಇಬ್ಬರ ಪಗಾರವೂ ಹೋಗುತ್ತದೆ, ಮಕ್ಕಳನ್ನು ಯಾರ ಮನೆಯಲ್ಲಾದರೂ ಬಿಡಬೇಕಾಗುತ್ತದೆ. ಗಂಡನ ಕೈ ನಡುಗಲು ಶುರುವಾದ ರಾತ್ರಿ ಅವಳು ನಡೆದೇ ಮುಟ್ಟುವಷ್ಟು ದೂರದಲ್ಲಿ ಆ ಹಾಸಿಗೆ ಇರಬೇಕು.